ಇಲಾಸ್ಟಿಕ್ ಮೇಲೆ ತಿರುಗಿದ ಜಾಝ್

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ಹೇಳಹೊರಟಿರುವ ಫಜೀತಿಗೆ ಅರ್ಧ ಕಾರಣ ಆ ಸಿಟ್ಟು, ಉಳಿದರ್ಧ ಕಾರಣ ಕಾಲಿಂಚು ಅಗಲದ ಇಲಾಸ್ಟಿಕ್ಕು.

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಇಸ್ತ್ರಿ ಮೇಜಿನ ಪಕ್ಕದ ಕಟ್ಟೆಯ ಮೇಲೆ ಒಂದು ರೆಕಾರ್ಡ್ ಪ್ಲೇಯರು, ಅದರ ಕೆಳಗೆ ಸಾಲಾಗಿ ನಿಲ್ಲಿಸಿಟ್ಟ ಎಪ್ಪತ್ತು ಚಿಲ್ಲರೆ ಜಾಝ್ ರೆಕಾರ್ಡುಗಳು. ಹೊಸ ಗಿರಾಕಿಗಳು ಅಳತೆ ಕೊಡುತ್ತ ಕೊಡುತ್ತ ಅತ್ತ ಕಣ್ಣು ಹಾಯಿಸಿ, "ಇದೇನ್ರಿ ಅಕ್ಕಾರ, ಅರಿವಿ ಅಂಗಡ್ಯಾಗ ಇದೇನು?" ಎಂದು ಕೇಳುತ್ತಾರೆ. ಹಳಬರು ಕೇಳುವುದಿಲ್ಲ. ಅವರಿಗೆ ಗೊತ್ತು, ಕೇಳಿದರೆ ಬ್ಲೌಸು ಒಂದು ತಾಸು ತಡವಾಗುತ್ತದೆ ಎಂದು.

ಈ ಹುಚ್ಚು ಹತ್ತಿದ್ದು ಸವಣೂರಿನಲ್ಲಿ. ಜರಿ ಅಂಚು, ಲೇಸು ತರಲು ಅಲ್ಲಿಗೆ ಹೋಗುತ್ತಿದ್ದೆ. ಮೂರು ತಲೆಮಾರಿನಿಂದ ಅರಿವೆ ವ್ಯಾಪಾರ ಮಾಡಿಕೊಂಡು ಬಂದ ಮುಸಲ್ಮಾನರ ಮನೆತನ, ಮುಂದೆ ಅಂಗಡಿ, ಹಿಂದೆ ಮನೆ. ಆ ಮನೆಯ ಹಿರಿಯಾಕೆ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಒಮ್ಮೆ ಚಹಾ ಕುಡಿಯುವಾಗ ಮೂಲೆಯಲ್ಲೊಂದು ಕಟ್ಟಿಗೆಯ ಪೆಟ್ಟಿಗೆ ಕಣ್ಣಿಗೆ ಬಿತ್ತು. ಹಳೆಯ ಹೊಲಿಗೆ ಮಷಿನ್ ಇರಬೇಕೆಂದು ಆಸೆಯಿಂದ ಕೇಳಿದೆ.

"ಮಷಿನ್ ಅಲ್ಲವ್ವಾ, ಇದು ನಮ್ಮನಿಯವರ ಹುಚ್ಚು" ಎಂದು ಆಕೆ ನಕ್ಕು ಮುಚ್ಚಳ ಎತ್ತಿದರು. ಒಳಗೆ ರೆಕಾರ್ಡ್ ಪ್ಲೇಯರು, ಪಕ್ಕದಲ್ಲಿ ರೆಕಾರ್ಡುಗಳ ಕಟ್ಟು. "ಮುಂಬೈಗೆ ಕಪಡಾ ತರಾಕ ಹೋದಾಗೆಲ್ಲ ಇಂಥಾ ನಾಕು ಪ್ಲೇಟು ಹೊತ್ಕೊಂಡು ಬರ್ತಿದ್ರು. ಈಗ ಅವರೂ ಇಲ್ಲ, ಕೇಳೋರೂ ಇಲ್ಲ. ನೀ ಒಯ್ಯಿ. ಮೂಲಿ ಖಾಲಿ ಆದ್ರ ನಾ ಅಲ್ಲಿ ಅಕ್ಕಿ ಡಬ್ಬಿ ಇಟ್ಕೋತೀನಿ."

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದೆ. ರೆಕಾರ್ಡುಗಳ ಕಟ್ಟನ್ನು ಕಂಡಕ್ಟರು ತಮ್ಮ ಸೀಟಿನ ಕೆಳಗೆ ಇಟ್ಟುಕೊಂಡರು. ಶಿಗ್ಗಾಂವಿಯ ರೇಡಿಯೋ ರಿಪೇರಿಯವರು ಒಳಗಿನ ತಂತಿ, ಮುಳ್ಳು ಎಲ್ಲ ಸರಿಮಾಡಿಕೊಟ್ಟರು. ಆದರೆ ಮೋಟಾರಿನಿಂದ ತಟ್ಟೆಯನ್ನು ತಿರುಗಿಸುವ ರಬ್ಬರಿನ ಬೆಲ್ಟು ಕರಗಿ ಡಾಂಬರಾಗಿತ್ತು. "ಇದು ಈಗ ಎಲ್ಲೂ ಸಿಗಂಗಿಲ್ರಿ" ಎಂದು ಅವರು ಕೈಚೆಲ್ಲಿದರು. ನನಗೆ ಒಳಗೊಳಗೇ ನಗು. ದಿನ ಬೆಳಗಾದರೆ ಮಕ್ಕಳ ಚಡ್ಡಿಗೆ, ಲಂಗಕ್ಕೆ ಇಲಾಸ್ಟಿಕ್ ಹಾಕುವವಳಿಗೆ ಒಂದು ಬೆಲ್ಟು ದೊಡ್ಡದೇ? ಟೇಪು ಹಿಡಿದು ಅಳೆದೆ, ಕತ್ತರಿಸಿದೆ, ತುದಿಯ ಮೇಲೆ ತುದಿ ಇಟ್ಟು ಡಬಲ್ ಹೊಲಿಗೆ ಹಾಕಿದೆ. ತಟ್ಟೆ ತಿರುಗಿತು. ನನ್ನ ಹೆಮ್ಮೆ ಏನು ಕೇಳುತ್ತೀರಿ!

ಮೊದಲ ದಿನ ಕೇಳಿದ್ದು ಏನೆಂದು ನನಗೆ ಅರ್ಥವಾಗಲಿಲ್ಲ, ಆದರೆ ಕತ್ತರಿ ಕೆಳಗಿಟ್ಟೆ. ಒಬ್ಬ ಊದುತ್ತಾನೆ, ಇನ್ನೊಬ್ಬ ಅವನ ಮಾತಿಗೆ ಅಡ್ಡ ಬರುತ್ತಾನೆ, ಹಿಂದೆ ನಗಾರಿಯವನು ಇಬ್ಬರನ್ನೂ ಚುಚ್ಚುತ್ತಾನೆ. ನಮ್ಮ ಓಣಿಯ ಕಟ್ಟೆ ಹರಟೆಯೇ ಇದು ಅನ್ನಿಸಿತು. ನನ್ನ ಗಂಡ ಭತ್ತದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮಾತು ಕಡಿಮೆ. ಅವರು ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿ, "ಎಮ್ಮಿ ಈಯಾಕತ್ತೇತೇನು?" ಎಂದರು. ಆ ದಿನ ಅವರಿಗೆ ರಾತ್ರಿಯ ಊಟಕ್ಕೆ ಬರೀ ಮಜ್ಜಿಗೆ ಅನ್ನ.

ಆಮೇಲೆ ಹುಡುಕಾಟ ಶುರುವಾಯಿತು. ಹಿರೇಕೆರೂರಿನಲ್ಲಿ ಮುಚ್ಚಿಹೋದ ಫೋಟೋ ಸ್ಟುಡಿಯೋ ಒಂದರ ಅಟ್ಟದಲ್ಲಿ ಒಂಬತ್ತು ಸಿಕ್ಕವು. ಚಿಕ್ಕೇರೂರಿನ ಗಿರಾಕಿಯೊಬ್ಬರ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಮುಚ್ಚಳವಾಗಿದ್ದ ಒಂದನ್ನು ಸ್ಟೀಲಿನ ತಾಟು ಕೊಟ್ಟು ಬಿಡಿಸಿಕೊಂಡೆ. ಎಷ್ಟು ತೊಳೆದರೂ ಅದರಿಂದ ಇವತ್ತಿಗೂ ಮೆಂತ್ಯದ ವಾಸನೆ ಬರುತ್ತದೆ, ಹಾಡು ಮಾತ್ರ ಬಂಗಾರ.

ಒಂದು ರೆಕಾರ್ಡಿನ ಬಗ್ಗೆ ತಿಳಿಯಲೆಂದು ಫೋನಿನಲ್ಲಿ ತಡಕಾಡುವಾಗ ಕನ್ನಡದಲ್ಲೇ ಜಾಝ್ ಮಾತಾಡುವ ಬಳಗವೊಂದು ಸಿಕ್ಕಿತು. ಇಂಥ ಹುಚ್ಚರು ಮೂವತ್ತು ಜನ ಇದ್ದಾರೆಂದು ತಿಳಿದಾಗ ಆದ ಸಂತೋಷ, ಜಾತ್ರೆಯಲ್ಲಿ ಕಳೆದುಹೋದವರಿಗೆ ಮನೆಯವರು ಸಿಕ್ಕಾಗ ಆಗುವಂಥದ್ದು. ಮೈಸೂರಿನ ಕಾಲೇಜು ಮೇಷ್ಟ್ರು, ಕಲಬುರಗಿಯ ಬ್ಯಾಂಕಿನವರು, ಶಿವಮೊಗ್ಗದ ದಂತವೈದ್ಯೆ ಎಲ್ಲ ಇದ್ದರು. ಪ್ರತಿ ಭಾನುವಾರ ಮುಂಜಾನೆ ಒಬ್ಬರ ಸರದಿ. ಸರದಿಯವರು ತಮ್ಮ ಒಂದು ರೆಕಾರ್ಡಿನ ಫೋಟೋ ಹಾಕಿ, ಒಂದು ಹಾಡನ್ನು ಫೋನಿಗೆ ಹಿಡಿದು ಕಳಿಸಿ, ತಮಗೆ ಕೇಳಿಸಿದ್ದನ್ನು ಬರೆಯಬೇಕು. ಉಳಿದವರು ಮೂರು ಸಲ ಕೇಳದೆ ಬಾಯಿ ತೆರೆಯಬಾರದು. ಈ ಮೂರು ಸಲದ ನಿಯಮ ನನಗೆ ಬಹಳ ಇಷ್ಟ. ಊರಿನಲ್ಲೂ ಇದನ್ನು ಜಾರಿಗೆ ತಂದರೆ ಅರ್ಧ ಜಗಳ ಕಡಿಮೆಯಾದೀತು.

ಬಳಗದಲ್ಲಿ ನನ್ನನ್ನು ಕೈಹಿಡಿದು ನಡೆಸಿದವರು ಮಂಗಳೂರಿನ ಹಿರಿಯರೊಬ್ಬರು. ವಯಸ್ಸು ಎಪ್ಪತ್ತು ದಾಟಿತ್ತು. ರೆಕಾರ್ಡನ್ನು ಸೀಗೆಪುಡಿಯಲ್ಲಿ ತಿಕ್ಕಬೇಡಿ ಎಂದು ತಡೆದವರು ಅವರೇ. ಯಾವುದು ಟ್ರಂಪೆಟ್, ಯಾವುದು ಸ್ಯಾಕ್ಸೋಫೋನ್, ಯಾವುದು ಕ್ಲಾರಿನೆಟ್ ಎಂದು ಬೆಳಿಗ್ಗೆ ಬೆಳಿಗ್ಗೆ ಒಂದೊಂದೇ ತುಣುಕು ಕಳಿಸಿ ಕಲಿಸಿದರು. ನಾನು ತಪ್ಪು ಹೇಳಿದರೆ, "ಅಲ್ಲ ಮಾರಾಯ್ರೆ, ಇನ್ನೊಂದ್ಸಲ ಕೇಳಿ" ಎನ್ನುತ್ತಿದ್ದರು. ಬೇಜಾರು ಮಾಡಿಕೊಂಡಿದ್ದೇ ಇಲ್ಲ. ನಾನು ಅವರನ್ನು ಅಣ್ಣಾರ ಎಂದು ಕರೆಯುತ್ತಿದ್ದೆ. ಅಂಗಡಿ ಬಾಗಿಲು ತೆರೆದು, ದೀಪ ಹಚ್ಚಿ, ಮಷಿನ್ನಿಗೆ ಎಣ್ಣೆ ಬಿಟ್ಟು, ಅವರ ಆ ದಿನದ ಪಾಠ ಕೇಳಿಯೇ ನಾನು ಕತ್ತರಿ ಹಿಡಿಯುತ್ತಿದ್ದದ್ದು. ಹೀಗೆ ಎರಡು ವರ್ಷ.

ನನ್ನ ಸರದಿ ಬಂದ ಒಂದು ಭಾನುವಾರ ಸವಣೂರಿನ ಕಟ್ಟಿನಲ್ಲಿದ್ದ ಅಪರೂಪದ ರೆಕಾರ್ಡೊಂದನ್ನು ಹಾಕಿದೆ. ಹಿಂದೆಂದೋ ಮುಂಬೈಯ ಯಾವುದೋ ಹೋಟೆಲಿನ ಬ್ಯಾಂಡಿನವರು ಮಾಡಿದ್ದು. ಅಂತರ್ಜಾಲದಲ್ಲಿ ಎಲ್ಲೂ ಇಲ್ಲ. ಬಳಗದಲ್ಲಿ ನನ್ನ ಹತ್ತಿರ ಒಂದು, ಮಂಗಳೂರಿನ ಅಣ್ಣಾರ ಹತ್ತಿರ ಒಂದು. ಅದರಲ್ಲಿನ ಕ್ಲಾರಿನೆಟ್ ಕೇಳಿ ನಾನು ಎಷ್ಟು ಸಲ ಕಣ್ಣೊರೆಸಿಕೊಂಡಿದ್ದೆನೋ. ಅಷ್ಟು ನಿಧಾನ, ಅಷ್ಟು ದುಃಖ. ಸಾಲು ಸಾಲಿಗೂ ಒಂದು ಸಣ್ಣ ಬಿಕ್ಕು, ಅಳು ನುಂಗಿಕೊಂಡವರ ಹಾಗೆ.

ನಿಧಾನದ ವಿಷಯದಲ್ಲಿ ನಮ್ಮ ಕಡೆಯವರ ಒಂದು ದೌರ್ಬಲ್ಯವನ್ನು ಇಲ್ಲಿ ಹೇಳಬೇಕು. ಧಾರವಾಡ ಸೀಮೆಯ ಕಿವಿ ವಿಲಂಬಿತದ ಮೇಲೆ ಬೆಳೆದದ್ದು. ನಮ್ಮಪ್ಪ ರೇಡಿಯೋದ ಮುಂದೆ ಕೂತು, ಹಾಡುವವರು ಒಂದೇ ಸ್ವರದ ಮೇಲೆ ಹತ್ತು ನಿಮಿಷ ಕೂತರೆ, "ಇಂವ ಗವಾಯಿ ನೋಡ" ಎಂದು ತೊಡೆ ತಟ್ಟುತ್ತಿದ್ದರು. ಯಾರಾದರೂ ಸರಸರ ಹಾಡಿದರೆ, "ಇವಂಗ ಬಸ್ಸು ಹಿಡಿಯೋದೈತಿ" ಎಂದು ರೇಡಿಯೋ ಬಂದ್ ಮಾಡುತ್ತಿದ್ದರು. ನಿಧಾನವಾದದ್ದೆಲ್ಲ ದೊಡ್ಡದು ಎಂಬುದು ನನ್ನ ರಕ್ತದಲ್ಲೇ ಇದೆ. ಹಾಗಾಗಿ ನನ್ನ ಪ್ಲೇಯರಿನಲ್ಲಿ ಎಲ್ಲ ರೆಕಾರ್ಡುಗಳೂ ಗಂಭೀರವಾಗಿ ಕೇಳಿಸುತ್ತಿದ್ದಾಗ ನನಗೆ ಅನುಮಾನವೇ ಬರಲಿಲ್ಲ. ಅವೇ ಹಾಡುಗಳು ಫೋನಿನಲ್ಲಿ ಅವಸರವಾಗಿ ಕೇಳಿಸಿದರೆ, ಫೋನಿಗೆ ಏನು ತಿಳಿಯುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ.

ಆ ಭಾನುವಾರ ಉದ್ದಕ್ಕೆ ಬರೆದೆ. ವಿಲಂಬಿತ ನಮ್ಮವರಿಗಷ್ಟೇ ಗೊತ್ತು ಎಂದುಕೊಂಡಿದ್ದೆ, ಈ ಬ್ಯಾಂಡಿನವರೂ ಬಲ್ಲರು ಎಂದೆ. ಆ ಬಿಕ್ಕಿನ ಬಗ್ಗೆಯೇ ಒಂದು ಪುಟ ಬರೆದೆ. ಬಳಗದ ತುಂಬ ಹೂವು, ಕೈಮುಗಿದ ಚಿತ್ರಗಳು ಬಂದವು. ಶಿವಮೊಗ್ಗದ ದಂತವೈದ್ಯೆ ತಾವೂ ಅತ್ತಿದ್ದಾಗಿ ಬರೆದರು. ಕೊನೆಗೆ ಮಂಗಳೂರಿನಿಂದ ಎರಡು ಸಾಲು ಬಂತು. "ಮೇಡಂ, ಈ ಹಾಡಿಗೆ ನಮ್ಮಲ್ಲಿ ಮದುವೆ ಮನೆಯಲ್ಲಿ ಕುಣಿಯುತ್ತಾರೆ. ಬಿಕ್ಕು ಎಲ್ಲಿಂದ ಬಂತು? ನನ್ನ ರೆಕಾರ್ಡಿನಲ್ಲಿ ಇಲ್ಲವಲ್ಲ."

ಎಲ್ಲರೆದುರು ಹಾಗೆ ಹೇಳಿದ್ದು ನನಗೆ ಮೂಗಿನ ತುದಿಗೆ ಸಿಟ್ಟು ತರಿಸಿತು. ಮೂರು ಸಲ ಕೇಳುವ ನಿಯಮವಿತ್ತು, ಬರೆಯುವ ಮೊದಲು ಮೂರು ಸಲ ಯೋಚಿಸುವ ನಿಯಮ ಇರಲಿಲ್ಲ. "ಕಾಲಿನಿಂದ ಕೇಳುವವರಿಗೆ ಬಿಕ್ಕು ಕೇಳಿಸುವುದಿಲ್ಲ. ಒಮ್ಮೆ ಕಿವಿಯಿಂದ ಕೇಳಿ ನೋಡಿ" ಎಂದು ಬರೆದೆ. ಅಷ್ಟಕ್ಕೇ ನಿಲ್ಲದೆ ಹಾಡು ಪೂರ್ತಿ ಹಿಡಿದು, ಅವರಿಗೆ ಬೇರೆಯಾಗಿ ಇನ್ನೊಮ್ಮೆ ಕಳಿಸಿದೆ. "ಆಯ್ತು, ಕೇಳ್ತೇನೆ" ಎಂದು ಉತ್ತರ ಬಂತು.

ಮರುದಿನ ಬೆಳಿಗ್ಗೆ ಪಾಠ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊದಲ ವಾರ, ಬರದಿದ್ದರೆ ಬಿಡಲಿ ಎಂದುಕೊಂಡೆ. ಎರಡನೆಯ ವಾರ ಅಂಗಡಿಯ ಬಾಗಿಲು ತೆರೆದು ಮಷಿನ್ನಿಗೆ ಎಣ್ಣೆ ಬಿಟ್ಟ ಮೇಲೆ ಏನು ಮಾಡಬೇಕೆಂದು ತೋಚದೆ ಸುಮ್ಮನೆ ಕೂತಿರುತ್ತಿದ್ದೆ. ಐದನೆಯ ಭಾನುವಾರ ಅವರದೇ ಸರದಿ. ಎಲ್ಲರೂ ಕಾದರು. ಮಧ್ಯಾಹ್ನವಾದರೂ ಏನೂ ಬರಲಿಲ್ಲ. ಯಾರೂ ನನ್ನನ್ನು ದೂರಲಿಲ್ಲ, ಆದರೆ ಕಲಬುರಗಿಯವರು, "ಹಿರಿಯರಿಗೆ ಬೇಜಾರಾಗಿರಬಹುದು" ಎಂದು ಬರೆದಾಗ ಅದು ನನಗೇ ಹೇಳಿದ್ದು ಎಂದು ತಿಳಿಯಿತು. ಆದರೂ ತಪ್ಪು ನನ್ನದು ಎಂದು ಮಾತ್ರ ಅನ್ನಿಸಲಿಲ್ಲ. ಬಿಕ್ಕು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತಲ್ಲ!

ಹೀಗಿರುವಾಗ ಹಂಸಭಾವಿಯ ಭಜನಾ ಮೇಳದ ಪೇಟಿ ಮಾಸ್ತರರು ಅಂಗಡಿಗೆ ಬಂದರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಪೇಟಿಗೊಂದು ಗವಸಣಿಗೆ, ಅಂದರೆ ಅರಿವೆಯ ಹೊದಿಕೆ ಹೊಲಿಸಬೇಕಿತ್ತು, ಅಳತೆಗೆಂದು ಪೇಟಿಯನ್ನೇ ಹೊತ್ತು ತಂದಿದ್ದರು. ನಾನು ಟೇಪು ಹಿಡಿದು ಉದ್ದ ಅಗಲ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅದೇ ರೆಕಾರ್ಡು ತಿರುಗುತ್ತಿತ್ತು. ಮಾಸ್ತರರ ಬೆರಳುಗಳು ಸುಮ್ಮನಿರಲಿಲ್ಲ. ಪೇಟಿಯ ಮನೆಗಳ ಮೇಲೆ ಹಾಡನ್ನು ಹುಡುಕತೊಡಗಿದವು. ನಮ್ಮ ಭಜನೆಯವರು ಸ್ವರದ ಮನೆಗಳನ್ನು ನಂಬರಿನಿಂದ ಕರೆಯುತ್ತಾರೆ, ಬಿಳಿ ಒಂದು, ಕರಿ ಎರಡು, ಹೀಗೆ. ಹಾಡುವವರನ್ನೂ "ಅಂವ ಕರಿ ಎರಡರಾಂವ" ಎಂದೇ ಗುರುತಿಸುವುದು.

"ಅಕ್ಕಾರ, ಇದು ಎಷ್ಟರಾಗ ಐತ್ರಿ?" ಎಂದರು ಮಾಸ್ತರರು.

"ನನಗೇನ್ ಗೊತ್ರಿ?"

"ಬಿಳಿ ನಾಕರಾಗೂ ಇಲ್ಲ, ಕರಿ ಮೂರರಾಗೂ ಇಲ್ಲ. ಎರಡರ ಸಂದ್ಯಾಗ ಕುಂತೈತಿ."

"ಅವರ ಕಡೆ ಹಂಗ ಇರಬೇಕು ಬಿಡ್ರಿ."

"ಹಂಗ ಹೆಂಗ ಬಿಡೋದ್ರಿ? ಊದೋದಾದ್ರ ಒಂದೀಟು ಅತ್ತಿತ್ತ ಸರಿಸಬಹುದು. ಹಿಂದ ಪಿಯಾನೋ ಬಾರಸಾಕತ್ತಾರಲ್ರಿ, ಅದು ನಮ್ಮ ಪೇಟಿ ಅಣ್ಣ ಇದ್ದಂಗ. ಅದಕ್ಕ ಮನಿ ಅಂದ್ರ ಮನಿ. ಸಂದ್ಯಾಗ ನಿಂದ್ರಂಗಿಲ್ಲ."

ನನಗೆ ಸಣ್ಣಗೆ ಸಿಟ್ಟು ಏರತೊಡಗಿತ್ತು. ಬೇರೆ ರೆಕಾರ್ಡು ಹಾಕಿದೆ. ಅದೂ ಸಂದಿಯಲ್ಲಿ. ಮೆಂತ್ಯದ ವಾಸನೆಯದನ್ನು ಹಾಕಿದೆ. ಅದೂ ಹಾಗೆಯೇ. ನಾಲ್ಕನೆಯದೂ ಅದೇ ಕಥೆ. ಮಾಸ್ತರರು ಪೇಟಿಗೆ ಗಾಳಿ ತುಂಬುವ ಬಾತೆ ಮುಚ್ಚಿ ನನ್ನ ಮುಖ ನೋಡಿದರು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಒಂದು ಪ್ಲೇಟು ತಪ್ಪಿದ್ರ ಬಾರಿಸಿದಾಂವ ತಪ್ಯಾನ ಅನಬಹುದು. ನಾಕಕ್ಕ ನಾಕೂ ತಪ್ಪಿದ್ರ ತಿರಗಸಾಂವ ತಪ್ಪಿರಬೇಕು. ನಿಮ್ಮ ಮಷಿನ್ ನೋಡ್ರಿ."

ರೆಕಾರ್ಡು ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗಬೇಕು. ಅದು ಅದರ ಮೇಲೆಯೇ ಬರೆದಿರುತ್ತದೆ. ನಾನು ನಡುವಿನ ಕಾಗದದ ಮೇಲೆ ಕೆಂಪು ದಾರದ ತುಣುಕೊಂದನ್ನು ಅಂಟಿಸಿದೆ. ಮಾಸ್ತರರು ಗೋಡೆಯ ಗಡಿಯಾರ ನೋಡುತ್ತ ನಿಂತರು, ನಾನು ಎಣಿಸಿದೆ. ಇಪ್ಪತ್ತಾರು. ನಾನು ಎಣಿಸಿದ್ದು ತಪ್ಪಿರಬೇಕೆಂದು ಅವರು ಎಣಿಸಿದರು. ಇಪ್ಪತ್ತಾರೇ. ತಟ್ಟೆ ಎತ್ತಿ ಒಳಗೆ ನೋಡಿದರೆ, ನನ್ನ ಹೆಮ್ಮೆಯ ಇಲಾಸ್ಟಿಕ್ಕು ತೊಳೆದು ತೊಳೆದು ಹಳೆಯದಾದ ಲಂಗದ್ದರ ಹಾಗೆ ಸಡಿಲಾಗಿ ಜಾರುತ್ತಿತ್ತು. ದಿನಕ್ಕೊಂದಿಷ್ಟು ಸಡಿಲಾಗಿದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಇನ್ನೂ ಒಂದು ವಿಷಯ ಕಂಡಿತು. ತುದಿಯ ಮೇಲೆ ತುದಿ ಇಟ್ಟು ಹೊಲಿದ ಆ ದಪ್ಪ ಗಂಟು ಮೋಟಾರಿನ ಗಾಲಿಯನ್ನು ದಾಟುವಾಗಲೆಲ್ಲ ತಟ್ಟೆ ಒಂದು ಸಲ ಮುಗ್ಗರಿಸುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಕ್ಲಾರಿನೆಟ್ಟು ಬಿಕ್ಕುತ್ತಿತ್ತು.

ಆ ಬಿಕ್ಕನ್ನು ನಾನೇ ಹೊಲಿದಿದ್ದೆ, ಅದೂ ಡಬಲ್ ಹೊಲಿಗೆ ಹಾಕಿ. ಸಿಟ್ಟು ಮಾಡಲು ಯಾರೂ ಸಿಗದೆ ಮಾಸ್ತರರ ಮೇಲೆಯೇ ಮಾಡಿದೆ. "ಗವಸಣಿಗಿ ಬರೋ ವಾರ ಕೊಡ್ತೇನಿ, ಹೋಗ್ರಿ ಈಗ" ಎಂದೆ. ಪಾಪ, ನಗುತ್ತಲೇ ಹೋದರು.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ರೊಟ್ಟಿ ಮುರಿಯುತ್ತ, "ಆ ಮಂಗಳೂರಾವ್ರ ಮಾತು ಖರೇನ ಇತ್ತಲ್ಲ ಹಂಗಾರ" ಎಂದರು.

"ಇತ್ತರಿ."

"ಮತ್ತ ಹೇಳು ಹಂಗಂತ. ತಪ್ಪ ಒಪ್ಕೊಂಡ್ರ ನಿನ್ನ ಗಂಟೇನ್ ಹೋಗ್ತೈತಿ?"

ಗಂಟೇನೂ ಹೋಗುವುದಿಲ್ಲ, ನಿಜ. ಆದರೆ ಮೂವತ್ತು ಜನರ ಮುಂದೆ ಚಡ್ಡಿಯ ಇಲಾಸ್ಟಿಕ್ಕಿನ ವಿಷಯ ಬರೆಯುವುದು ಸುಲಭವಲ್ಲ. ನಾಲ್ಕು ಸಲ ಬರೆದು ಅಳಿಸಿದೆ. ಕೊನೆಗೆ ಆ ಇಲಾಸ್ಟಿಕ್ಕನ್ನು ಕತ್ತರಿಸುವ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಟೇಪು ಇಟ್ಟು, ಫೋಟೋ ತೆಗೆದು ಹಾಕಿದೆ. ಕೆಳಗೆ ಬರೆದೆ: "ನಾನು ಹೊಗಳಿದ ವಿಲಂಬಿತ ಇದೇ. ಗಂಟು ಇರುವಲ್ಲಿ ನೋಡಿ, ಬಿಕ್ಕು ಅಲ್ಲಿದೆ. ಮಂಗಳೂರಿನ ಅಣ್ಣಾರು ಹೇಳಿದ್ದೇ ಸರಿ. ನಾನು ಆಡಿದ ಮಾತು ತಪ್ಪು, ಅದನ್ನು ಎಲ್ಲರೆದುರು ಆಡಿದ್ದು ಇನ್ನೂ ತಪ್ಪು."

ಬಳಗದಲ್ಲಿ ನಗೆಯ ಹೊಳೆ ಹರಿಯಿತು. "ಹಾಗಾದರೆ ಇಷ್ಟು ದಿನ ನಾವು ಅತ್ತಿದ್ದು ಚಡ್ಡಿಯ ಇಲಾಸ್ಟಿಕ್ಕಿಗೆ!" ಎಂದು ಕಲಬುರಗಿಯವರು ಬರೆದರು. ದಂತವೈದ್ಯೆ ತಮ್ಮ ಕಣ್ಣೀರು ವಾಪಸು ಕೇಳಿದರು. ಮೈಸೂರಿನ ಮೇಷ್ಟ್ರು ತಮ್ಮ ಬಳಿ ಸರಿಯಾದ ಬೆಲ್ಟೊಂದು ಹೆಚ್ಚಿಗೆ ಇದೆಯೆಂದೂ, ಅಂಚೆಯಲ್ಲಿ ಕಳಿಸುವುದಾಗಿಯೂ ಹೇಳಿದರು. ನಾನು ಅಂಗಡಿಯಲ್ಲಿ ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಮತ್ತೆ ಮತ್ತೆ ಫೋನು ನೋಡಿದೆ. ನಾನು ಯಾರ ಒಂದು ಮಾತಿಗೆ ಕಾದಿದ್ದೆನೋ ಅವರ ಮಾತು ಮಾತ್ರ ಬರಲಿಲ್ಲ.

ಅವರಿಗೆ ಬೇರೆಯಾಗಿ ದನಿಯಲ್ಲೇ ಹೇಳಿ ಕಳಿಸಿದೆ. "ಅಣ್ಣಾರ, ನಂದು ತಪ್ಪಾತ್ರಿ. ನಿಮಗ ಕಿವಿ ಇಲ್ಲ ಅಂದೆ, ನನಗ ಬುದ್ಧಿ ಇರಲಿಲ್ಲ. ಬೈಯ್ರಿ ಬೇಕಾರ, ಆದ್ರ ಸುಮ್ಮನ ಕುಂದರಬ್ಯಾಡ್ರಿ. ಮುಂಜಾನೆ ಪಾಠ ಇಲ್ಲದ ನನಗ ಕೆಲಸ ಸಾಗವಲ್ದು." ಅವರು ಕೇಳಿದ ಗುರುತು ಫೋನಿನಲ್ಲಿ ಬಂತು. ಉತ್ತರ ಬರಲಿಲ್ಲ.

ಮೈಸೂರಿನ ಬೆಲ್ಟು ಬಂದ ದಿನ ಅಂಗಡಿಯಲ್ಲಿ ಚಿಕ್ಕೇರೂರಿನ ಇಬ್ಬರು ಅಕ್ಕತಂಗಿಯರಿದ್ದರು. ಬೆಲ್ಟು ಹಾಕಿ, ದಾರ ಅಂಟಿಸಿ ಎಣಿಸಿದೆ. ಮೂವತ್ತಮೂರು, ಮೇಲೆ ಚೂರು. ಅದೇ ರೆಕಾರ್ಡು ಹಾಕಿ, ಬ್ಲೌಸಿನ ತೋಳು ಹೊಲಿಯಲು ಕೂತೆ. ಅಬ್ಬಾ! ನನ್ನ ಆ ದುಃಖದ ಕ್ಲಾರಿನೆಟ್ಟು ಎಲ್ಲಿ ಹೋಯಿತೋ. ಇದು ಹೊಸ ಲಂಗ ತೊಟ್ಟ ಹುಡುಗಿಯಂತೆ ಚಿಮ್ಮುತ್ತಿತ್ತು. ಕುಣಿಯಬೇಡವೆಂದರೆ ಕಾಲು ಕೇಳಬೇಕಲ್ಲ, ಅದು ಮಷಿನ್ನಿನ ಪೆಡಲಿನ ಮೇಲಿತ್ತು. ಹಾಡಿನ ವೇಗಕ್ಕೆ ತೋಳು ಹೊಲಿದುಹೋಯಿತು, ಅದೂ ಸೊಟ್ಟ. ಅಕ್ಕತಂಗಿಯರಲ್ಲಿ ಕಿರಿಯವಳು, "ಇದು ಚಲೋ ಐತ್ರಿ, ಮೊದಲಿಂದು ಸತ್ತವರ ಮನಿ ಹಾಡಿದ್ದಂಗ ಇತ್ತು" ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀವು ಬೈತೀರಂತ" ಎಂದಳು.

ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಖುಷಿಯ ಹಾಡು ಯಾರ ಮನೆಯಲ್ಲಿ ಮೊದಲಿನಿಂದಲೂ ಹೀಗೆಯೇ ಕುಣಿಯುತ್ತಿತ್ತೋ ಅವರಿಗೇ ಇದನ್ನು ಹೇಳಲಾಗದೆ ಅದು ಅರ್ಧ ಖುಷಿಯಾಗಿ ಉಳಿಯಿತು.

ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ, ಗವಸಣಿಗೆ ಒಯ್ಯಲು ಪೇಟಿ ಮಾಸ್ತರರು ಪೇಟಿ ಸಮೇತ ಬಂದು ಕೂತಿದ್ದಾಗ, ಫೋನು ಸಪ್ಪಳ ಮಾಡಿತು. ಮಂಗಳೂರು. ಮಾತಲ್ಲ, ಕ್ಲಾರಿನೆಟ್ಟು. ಹಿಂದೆ ಸಣ್ಣಗೆ ನನ್ನ ಆ ನಿಧಾನದ ರೆಕಾರ್ಡಿಂಗು ಓಡುತ್ತಿತ್ತು, ಅದರ ಮೇಲೆ ಯಾರೋ ಕೂಡಿಸಿ ಊದುತ್ತಿದ್ದರು. ದನಿ ಸ್ವಲ್ಪ ನಡುಗುತ್ತಿತ್ತು, ಆದರೆ ಒಂದು ಸ್ವರವೂ ತಪ್ಪಲಿಲ್ಲ. ಬಿಕ್ಕು ಬರುವ ಕಡೆಗಳಲ್ಲೆಲ್ಲ ಅವರೂ ಒಂದು ಕ್ಷಣ ನಿಲ್ಲುತ್ತಿದ್ದರು. ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡೆ. ಅಣಕಿಸಲಿ, ಬಂದರಲ್ಲ! ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತ, "ಸಂದ್ಯಾಗ ಕುಂತಿದ್ದಕ್ಕ ಹೊಂದಿಸ್ಯಾರ ನೋಡ್ರಿ, ಸಾಮಾನ್ಯ ಮಂದಿ ಅಲ್ಲ ಇವರು" ಎಂದರು.

ಹಿಂದೆಯೇ ಮಾತೂ ಬಂತು. "ಸಿಟ್ಟು ಎಂತದ್ದು ಮಾರಾಯ್ರೆ? ನಂಗೆ ಬರೆಯಲಿಕ್ಕೆ ಪುರುಸೊತ್ತೇ ಆಗ್ಲಿಲ್ಲ. ನಾನು ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವ. ಈ ಹಾಡು ಕಲಿತದ್ದೇ ಆ ರೆಕಾರ್ಡು ಕೇಳಿ. ಬೆರಳಿನ ಗಂಟು ಹಿಡಿದ ಮೇಲೆ ಓಡಿಸ್ಲಿಕ್ಕೆ ಆಗುದಿಲ್ಲ ಅಂತ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದೆ. ನೀವು ಕಳಿಸಿದ್ದನ್ನು ಕೇಳಿದೆ ನೋಡಿ, ಈ ವೇಗಕ್ಕೆ ನನ್ನ ಬೆರಳು ನಡೀತದೆ ಅಂತ ಗೊತ್ತಾಯ್ತು. ಕ್ಲಾರಿನೆಟ್ಟಿನ ಕೊಳವೆಯನ್ನು ಎಳೆದು ಉದ್ದ ಮಾಡಿ ನಿಮ್ಮ ಸ್ವರಕ್ಕೆ ಹೊಂದಿಸಿಕೊಂಡು ದಿನಾ ಅಭ್ಯಾಸ ಮಾಡಿದೆ. ಸರದಿಯ ದಿನಕ್ಕೆ ಆಗ್ಲಿಲ್ಲ, ಈಗ ಆಯ್ತು."

ಮೂವತ್ತು ವರ್ಷ ಊದಿದವರಿಗೆ ನಾನು ಕಿವಿಯಿಂದ ಕೇಳಿ ಎಂದು ಬುದ್ಧಿ ಹೇಳಿದ್ದೆ. ನಾಚಿಕೆಯಿಂದ ಮುಖ ಕೆಂಪಾಯಿತು, ಅದರ ಹಿಂದೆಯೇ ಅಳು ಬಂತು. ಈ ಸಲ ನಿಜವಾದ ಅಳು. ಮಾಸ್ತರರು ಬೀದಿ ನೋಡುತ್ತ ಕೂತರು.

"ಈಗ ನೀವು ಬೆಲ್ಟು ಸರಿ ಮಾಡಿಬಿಟ್ಟಿದ್ದೀರಂತೆ" ಎಂದು ಅವರ ದನಿ ಮುಂದುವರಿಯಿತು. "ಅದೇ ರೆಕಾರ್ಡಿನ ಇನ್ನೊಂದು ಬದಿಯ ಮೊದಲ ಹಾಡು ಉಂಟಲ್ಲ, ಅದನ್ನು ಕೂಡ ಹಾಗೇ ನಿಧಾನ ಮಾಡಿ ಕಳಿಸ್ತೀರಾ? ಈ ಭಾನುವಾರದ ಸರದಿ ನನಗೆ ಕೊಟ್ಟಿದ್ದಾರೆ."

ಬೇಕಾದರೆ ಇಂಥದ್ದನ್ನು ಫೋನಿನಲ್ಲೇ ನಿಧಾನ ಮಾಡಬಹುದೆಂದು ಆಮೇಲೆ ಮೈಸೂರಿನ ಮೇಷ್ಟ್ರು ಹೇಳಿದರು. ಆ ಹೊತ್ತಿಗೆ ನಾನೂ ಮಾಸ್ತರರೂ ಆಗಲೇ ಕೆಲಸಕ್ಕೆ ಇಳಿದಿದ್ದೆವು. ಅವರು ಕೇಳಿದ್ದು ನಿಧಾನ, ಹೊಲಿಯುವವಳಾದ ನನಗೆ ನಿಧಾನವೆಂದರೆ ಇಲಾಸ್ಟಿಕ್ಕೇ. "ನಿಧಾನ ಮಾಡೋದಾದ್ರ ಈ ಸಲ ಸಂದ್ಯಾಗ ಕುಂದ್ರಸಬ್ಯಾಡ್ರಿ, ಒಂದು ಮನಿಯಾಗ ಕುಂದ್ರಸ್ರಿ. ಅವರು ಎಷ್ಟಂತ ಕೊಳವಿ ಎಳೀತಾರ?" ಎಂದು ಮಾಸ್ತರರು ಹೊಸ ಗವಸಣಿಗೆ ಬಿಚ್ಚಿ ಪೇಟಿ ಹೊರಗೆ ತೆಗೆದರು. ಬಿಗಿ ಮಾಡಿ, ಸಡಿಲ ಮಾಡಿ, ಮೂರು ಇಲಾಸ್ಟಿಕ್ ಕತ್ತರಿಸಿದೆ. ನಿಮಿಷಕ್ಕೆ ಇಪ್ಪತ್ತೆಂಟು ಸುತ್ತಿಗೆ ಬಂದಾಗ ಅವರು ಪೇಟಿಯ ಮೇಲೆ ಬೆರಳೊತ್ತಿ, "ಬರೋಬ್ಬರಿ ಬಿಳಿ ಐದು. ಇಲ್ಲೇ ನಿಲ್ಲಸ್ರಿ" ಎಂದರು. ಬುದ್ಧಿ ಬಂದಿತ್ತಲ್ಲ, ಈ ಸಲ ತುದಿಗೆ ತುದಿ ಕೂಡಿಸಿ, ಗಂಟೇ ಇಲ್ಲದ ಹಾಗೆ ನಯವಾಗಿ ಹೊಲಿದಿದ್ದೆ. ಬೆಣ್ಣೆಯ ಹಾಗೆ ತಿರುಗಿತು. ಹಾಡು ಹಿಡಿದು ಕಳಿಸಿ, ಮಾಸ್ತರರಿಗೆ ಚಹಾ ತರಿಸಿದೆ.

ಚಹಾ ಮುಗಿಯುವ ಮೊದಲೇ ಉತ್ತರ ಬಂತು.

"ಭಾರಿ ಲಾಯ್ಕ ಆಗಿದೆ. ಆದ್ರೆ ಬಿಕ್ಕು ಎಲ್ಲಿ ಮಾರಾಯ್ರೆ? ನಾನು ಉಸಿರು ತೆಗೀತಿದ್ದದ್ದೇ ಅಲ್ಲಿ. ಪ್ರಾಯ ಆಯ್ತಲ್ಲ, ಅದಿಲ್ಲದಿದ್ರೆ ಉಸಿರು ಸಾಲುದಿಲ್ಲ."

ಹೊಲಿಗೆ ಬಿಚ್ಚಿದೆ. ತುದಿಯ ಮೇಲೆ ತುದಿ ಇಟ್ಟು, ದಪ್ಪಗೆ, ಮೂರು ಸಲ ಹೊಲಿದೆ.